ವೇಷದೊಳಗಿನ ಮನುಷ್ಯ: ಬೋರಿಸ್ ಕಾರ್ಲಾಫ್

ಕೆಟ್ಟು ಪಟ್ಟಣ ಸೇರು ಎಂಬುದು ನಮ್ಮ ಹಿರಿಯರ ಮಾತು. ಹೊಟ್ಟೆಯ ಪಾಡಿಗೆಂದೋ ಉದ್ಯೋಗದ ನಿಮಿತ್ತದಿಂದಲೋ ಹುಟ್ಟಿದೂರನ್ನು ಬಿಟ್ಟು ಪರಸ್ಥಳದಲ್ಲಿ ನೆಲೆ ನಿಂತವರಿಗೆ ಈ ಮಾತಿನ ಒಳಗಿನ ಬಿಸಿ ಗೊತ್ತು. ಊರು ಬಿಟ್ಟವನನ್ನು ಎರಡು ಚಿಂತೆಗಳು ಬಿಡುವುದಿಲ್ಲ. ಇಲ್ಲಿ ನಾನು ನಿಲ್ಲಬಲ್ಲೆನೆ ಎಂಬುದೊಂದು. ಅಲ್ಲಿ ನಮ್ಮವರು ನನ್ನನ್ನು ಏನೆಂದುಕೊಂಡಾರು ಎಂಬುದಿನ್ನೊಂದು. ಈ ಎರಡನ್ನೂ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಎದೆಯಲ್ಲಿ ಹೊತ್ತು ತಿರುಗಿ, ಕೊನೆಗೆ ದೇಶದೇಶಗಳ ಮಕ್ಕಳು ಕೂಡ ಗುರುತು ಹಿಡಿಯುವಂತಹ ಪಾತ್ರವೊಂದಕ್ಕೆ ಜೀವ ಕೊಟ್ಟ ಇಂಗ್ಲಿಷ್ ನಟನೊಬ್ಬನ ಕಥೆಯನ್ನು ವಾಚಕರ ಮುಂದಿಡಬೇಕೆಂದು ಈ ಬರಹ.

ಚಪ್ಪಟೆಯಾದ ತಲೆ, ಹಣೆಯ ಮೇಲೆ ಹೊಲಿಗೆಯ ಗುರುತು, ಕತ್ತಿನ ಇಕ್ಕೆಲಗಳಲ್ಲಿ ಲೋಹದ ಮೊಳೆ, ಅರೆಮುಚ್ಚಿದ ಭಾರವಾದ ಕಣ್ಣೆವೆ, ಗಿಡ್ಡ ತೋಳಿನ ಕೋಟಿನಿಂದ ಹೊರಚಾಚಿದ ಉದ್ದನೆಯ ಕೈಗಳು. ಈ ಆಕಾರವನ್ನು ಒಂದಲ್ಲ ಒಂದು ಕಡೆ ನೋಡದವರು ವಿರಳ. ಜನ ಅದನ್ನು ಫ್ರಾಂಕೆನ್‌ಸ್ಟೈನ್ ಎಂದೇ ಕರೆಯುವುದು ವಾಡಿಕೆಯಾಗಿದೆ. ನಿಜ ಹೇಳಬೇಕೆಂದರೆ ಅದು ಆ ಆಕಾರವನ್ನು ಸೃಷ್ಟಿಸಿದ ವಿಜ್ಞಾನಿಯ ಹೆಸರು. ಮೇರಿ ಶೆಲ್ಲಿ ಎಂಬಾಕೆ 1818ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಆ ಬಡಪಾಯಿ ಜೀವಿಗೆ ಹೆಸರೇ ಇಲ್ಲ. ಹೆಸರಿಲ್ಲದ ಆ ಜೀವಿಯನ್ನು 1931ರಲ್ಲಿ ಬೆಳ್ಳಿತೆರೆಯ ಮೇಲೆ ನಡೆದಾಡಿಸಿದವನು ಬೋರಿಸ್ ಕಾರ್ಲಾಫ್. ಹೆಸರು ಕೇಳಿದರೆ ರಷ್ಯಾದವನೆಂದು ತೋರುತ್ತದೆ. ಆದರೆ ಆತ ಹುಟ್ಟಿದ್ದು ಲಂಡನ್ನಿನಲ್ಲಿ; ತಂದೆತಾಯಿ ಇಟ್ಟ ಹೆಸರು ವಿಲಿಯಂ ಹೆನ್ರಿ ಪ್ರ್ಯಾಟ್; ಇನ್ನೂ ಆಳಕ್ಕೆ ಹೋದರೆ ಅವನ ರಕ್ತದಲ್ಲಿ ನಮ್ಮ ದೇಶದ ಪಾಲೂ ಉಂಟು.

1887ನೆಯ ಇಸವಿ ನವೆಂಬರ್ 23ರಂದು ದಕ್ಷಿಣ ಲಂಡನ್ನಿನ ಫಾರೆಸ್ಟ್ ಹಿಲ್ ರಸ್ತೆಯ ಮನೆಯೊಂದರಲ್ಲಿ ಆತನ ಜನನವಾಯಿತು. ಒಂಬತ್ತು ಮಕ್ಕಳ ಸಂಸಾರದಲ್ಲಿ ಕಟ್ಟಕಡೆಯವನು. ತಂದೆ ಎಡ್ವರ್ಡ್ ಪ್ರ್ಯಾಟ್ ಭಾರತದಲ್ಲಿ ಉಪ್ಪಿನ ಸುಂಕದ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವನು. ತಾಯಿ ಎಲಿಜಾ ಮಿಲಾರ್ಡ್. ಇಬ್ಬರ ಮನೆತನಗಳೂ ತಲೆಮಾರುಗಳಿಂದ ಭಾರತದಲ್ಲಿ ಬೇರೂರಿದ್ದವು. ಇಬ್ಬರಲ್ಲೂ ಭಾರತೀಯ ರಕ್ತ ಬೆರೆತಿತ್ತು. ತಾಯಿಯ ತಾಯಿಗೆ ಅನ್ನಾ ಲಿಯೋನೋವೆನ್ಸ್ ಎಂಬ ಸೋದರಿಯಿದ್ದಳು. 1860ರ ದಶಕದಲ್ಲಿ ಸಯಾಮ್ ದೇಶದ ಅರಮನೆಗೆ ಹೋಗಿ ರಾಜಕುಮಾರರಿಗೆ ಪಾಠ ಹೇಳಿ, ಆ ಅನುಭವವನ್ನು ಪುಸ್ತಕ ಮಾಡಿ ಪ್ರಸಿದ್ಧಳಾದವಳು ಇವಳೇ. ಅನ್ನಾ ಹುಟ್ಟಿದ್ದು 1831ರಲ್ಲಿ, ನಮ್ಮ ಅಹಮದ್‌ನಗರದಲ್ಲಿ. ಆದರೆ ತಾನು ವೇಲ್ಸ್ ಪ್ರಾಂತದಲ್ಲಿ ಹುಟ್ಟಿದವಳೆಂದು ಜೀವಮಾನವಿಡೀ ಹೇಳಿಕೊಂಡಳು. ಆಕೆ ತೀರಿಕೊಂಡು ಅರ್ಧ ಶತಮಾನ ಕಳೆದ ಮೇಲೆ ಸಂಶೋಧಕರು ನಿಜವನ್ನು ಹೊರತೆಗೆದರು.

ಹೀಗೆ ಮೂಲವನ್ನು ಮರೆಮಾಡುವುದು ಆಗಿನ ಕಾಲಕ್ಕೆ ಹೊಸದಾಗಿರಲಿಲ್ಲ. ಬೆರಕೆ ರಕ್ತದವರೆಂದರೆ ಇಂಗ್ಲಿಷರ ಪಂಕ್ತಿಯಲ್ಲಿ ಎಲೆ ಹಾಕುತ್ತಿರಲಿಲ್ಲ. ನೌಕರಿಯಲ್ಲಿ, ವಿವಾಹ ಸಂಬಂಧದಲ್ಲಿ ಎಲ್ಲೆಲ್ಲೂ ಅದೊಂದು ಕೊರತೆಯೇ. ಪ್ರ್ಯಾಟ್ ಮನೆಯ ಕಡೆಯ ಹುಡುಗನ ಮೈಬಣ್ಣ ಮಾತ್ರ ಈ ಗುಟ್ಟನ್ನು ಮುಚ್ಚಿಡಲು ಒಪ್ಪಲಿಲ್ಲ. ಆತ ಕಪ್ಪಾಗಿದ್ದನು. ಸಾಲದುದಕ್ಕೆ ಕಾಲುಗಳು ಬಿಲ್ಲಿನಂತೆ ಬಾಗಿದ್ದವು, ಮಾತಿನಲ್ಲಿ ಉಗ್ಗು ಇತ್ತು, ಸಕಾರ ಸರಿಯಾಗಿ ಹೊರಡುತ್ತಿರಲಿಲ್ಲ. ಉಗ್ಗನ್ನು ಆತ ಮುಂದೆ ಪ್ರಯಾಸಪಟ್ಟು ಗೆದ್ದನು. ಸಕಾರದ ತೊಡಕು ಕೊನೆಯವರೆಗೂ ಉಳಿಯಿತು.

ಬಾಲ್ಯದಲ್ಲಿಯೇ ತಾಯಿ ತೀರಿಕೊಂಡಳು, ತಂದೆಯ ಆಸರೆಯೂ ತಪ್ಪಿತು. ಲಂಡನ್ನಿನ ಉತ್ತರದ ಎನ್‌ಫೀಲ್ಡ್‌ನಲ್ಲಿ ಅಕ್ಕ ಅಣ್ಣಂದಿರೇ ಹುಡುಗನನ್ನು ಸಾಕಿದರು. ಅಣ್ಣಂದಿರು ಒಬ್ಬರಿಗಿಂತ ಒಬ್ಬರು ಬುದ್ಧಿವಂತರು, ಶಿಸ್ತಿನವರು, ಸರಕಾರಿ ಹುದ್ದೆಯನ್ನೇ ಪರಮಪದವೆಂದು ನಂಬಿದವರು. ಎಡ್ವರ್ಡ್ ಮತ್ತು ಫ್ರೆಡರಿಕ್ ಇಬ್ಬರೂ ಐ.ಸಿ.ಎಸ್. ಮುಗಿಸಿ ಮುಂಬಯಿ ಇಲಾಖೆಗೆ ಬಂದರು. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೂ ಇದೇ ಇಲಾಖೆಗೆ ಸೇರಿದ್ದವೆಂಬುದನ್ನು ನೆನೆಯಬಹುದು. ಎಡ್ವರ್ಡ್ ನ್ಯಾಯಾಂಗದಲ್ಲಿ ಮೇಲೇರಿ ಮುಂಬಯಿ ಹೈಕೋರ್ಟಿನ ನ್ಯಾಯಾಧೀಶನಾದನು. ಫ್ರೆಡರಿಕ್ ಉತ್ತರ ವಿಭಾಗದ ಕಮಿಷನರನಾದನು. 1918ರ ಖೇಡಾ ಸತ್ಯಾಗ್ರಹದಲ್ಲಿ ಕಂದಾಯ ಕೊಡಲೊಲ್ಲದ ರೈತರ ಪರವಾಗಿ ಗಾಂಧೀಜಿ ನಿಂತಾಗ ಸರಕಾರದ ಪರವಾಗಿ ಎದುರು ನಿಂತ ಪ್ರ್ಯಾಟ್ ಸಾಹೇಬನೇ ಈತ. ಮತ್ತೊಬ್ಬ ಅಣ್ಣ ಜಾನ್ ಚೀನಾ ದೇಶದಲ್ಲಿ ಬ್ರಿಟಿಷ್ ರಾಯಭಾರದ ಕೆಲಸದಲ್ಲಿದ್ದು ಸರ್ ಪದವಿ ಪಡೆದವನು.

ಇಂತಹ ಮನೆಯಲ್ಲಿ ಕಡೆಯ ತಮ್ಮನೂ ಅದೇ ದಾರಿ ಹಿಡಿಯಬೇಕೆಂಬುದು ಹಿರಿಯರ ನಿರ್ಧಾರ. ಒಳ್ಳೊಳ್ಳೆಯ ಶಾಲೆಗಳಿಗೆ ಕಳುಹಿಸಿದರು. ಮುಂದೆ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಸೇರಿಸಿದರು. ಹುಡುಗನ ಮನಸ್ಸು ಮಾತ್ರ ಎಂದೋ ಬೇರೆ ಕಡೆ ಹರಿದಿತ್ತು. ಎಳೆಯ ವಯಸ್ಸಿನಲ್ಲಿ ಎನ್‌ಫೀಲ್ಡ್‌ನ ಕ್ರಿಸ್‌ಮಸ್ ನಾಟಕವೊಂದರಲ್ಲಿ ರಾಕ್ಷಸರಾಜನ ವೇಷ ಹಾಕಿದ್ದನು. ಅಣ್ಣಂದಿರಲ್ಲಿ ಜಾರ್ಜ್ ಎಂಬವನು ಕೆಲಕಾಲ ರಂಗಭೂಮಿಯ ಮೇಲಿದ್ದುದರಿಂದ ಆ ಗೀಳು ಇನ್ನಷ್ಟು ಬಲಿಯಿತು. ಪಾಠ ಬಿಟ್ಟು ನಾಟಕ ನೋಡುವುದು, ಪರೀಕ್ಷೆಯಲ್ಲಿ ಹಿಂದೆ ಬೀಳುವುದು, ಅಣ್ಣಂದಿರ ಮುಖ ಗಂಟಾಗುವುದು ಇದೇ ನಡೆಯಿತು. ಕಡೆಗೆ 1909ರಲ್ಲಿ, ಇಪ್ಪತ್ತೊಂದು ವಯಸ್ಸಿನ ತರುಣ ಕೆನಡಾಕ್ಕೆ ಹಡಗು ಹತ್ತಿದನು. ಕೆನಡಾವೋ ಆಸ್ಟ್ರೇಲಿಯವೋ ಎಂದು ನಾಣ್ಯ ಚಿಮ್ಮಿ ನಿರ್ಧರಿಸಿದೆನೆಂದು ಮುಂದೆ ಆತನೇ ಹೇಳಿಕೊಳ್ಳುತ್ತಿದ್ದನು.

ಕೆನಡಾದ ಮೊದಲ ದಿನಗಳು ಕಡುಕಷ್ಟದವು. ಒಂಟಾರಿಯೋದ ಹೊಲದಲ್ಲಿ ಕೂಲಿ ಮಾಡಿದನು. ಅಲ್ಲಿಂದ ಪಶ್ಚಿಮಕ್ಕೆ ಸರಿದು ವ್ಯಾಂಕೂವರ್ ಸೇರಿದನು. ಗುದ್ದಲಿ ಹಿಡಿದು ನೆಲ ಅಗೆದನು, ಟ್ರಾಮ್ ಗಾಡಿಯ ಹಳಿ ಹಾಕಿದನು. ಪುಸ್ತಕ ಹಿಡಿದ ಕೈಗೆ ಬೊಬ್ಬೆ ಬಂದವು. ಹಾಗೆಂದು ಮನೆಗೆ ಬರೆದು ಹಣ ಬೇಡಲಿಲ್ಲ. ಮನೆಯವರಿಗೆ ಮುಖ ತೋರಿಸುವಂತಾಗುವವರೆಗೆ ದೂರವಿರುವುದೇ ಲೇಸೆಂದುಕೊಂಡನು.

1911ರಲ್ಲಿ ಕ್ಯಾಮ್ಲೂಪ್ಸ್ ಎಂಬ ಊರಿನಲ್ಲಿದ್ದ ಅಲೆಮಾರಿ ನಾಟಕ ಕಂಪನಿಯೊಂದು ಅವನನ್ನು ಸೇರಿಸಿಕೊಂಡಿತು. ತಾನು ಪಳಗಿದ ನಟನೆಂದು ಸುಳ್ಳು ಹೇಳಿಯೇ ಸೇರಿದ್ದನು. ತೆರೆ ಏಳುವಾಗ ಇದ್ದ ಸಂಬಳ ತೆರೆ ಬೀಳುವಷ್ಟರಲ್ಲಿ ಅರ್ಧಕ್ಕಿಳಿದಿತ್ತೆಂದು ಆತ ತನ್ನನ್ನೇ ಗೇಲಿ ಮಾಡಿಕೊಳ್ಳುವುದುಂಟು. ಪ್ರ್ಯಾಟ್ ಎಂಬುದನ್ನು ಬಿಟ್ಟು ಬೋರಿಸ್ ಕಾರ್ಲಾಫ್ ಎಂದು ಹೊಸ ಹೆಸರಿಟ್ಟುಕೊಂಡದ್ದೂ ಆಗಲೇ. ಪ್ರ್ಯಾಟ್ ಎಂದರೆ ಇಂಗ್ಲಿಷಿನ ಆಡುಮಾತಿನಲ್ಲಿ ಪೆದ್ದನೆಂಬ ಧ್ವನಿಯುಂಟು. ನಾಟಕದವನಾದ ತಮ್ಮನಿಂದ ಅಧಿಕಾರಿಗಳಾದ ಅಣ್ಣಂದಿರ ಹೆಸರಿಗೆ ಕಳಂಕ ತಟ್ಟಬಾರದೆಂಬ ಅಳುಕೂ ಇದ್ದಿರಬೇಕು. ಕಾರ್ಲಾಫ್ ಎಂಬುದು ತಾಯಿಯ ಕಡೆಯ ಹಳೆಯ ಹೆಸರೆಂದು ಆತ ಹೇಳುತ್ತಿದ್ದರೂ ವಂಶಾವಳಿಯಲ್ಲಿ ಅಂತಹ ಹೆಸರು ಸಿಕ್ಕಲಿಲ್ಲ.

ನಮ್ಮ ವೃತ್ತಿನಾಟಕ ಕಂಪನಿಗಳ ಏಳುಬೀಳುಗಳನ್ನು ಬಲ್ಲವರಿಗೆ ಕಾರ್ಲಾಫನ ಮುಂದಿನ ಕೆಲವು ವರ್ಷಗಳನ್ನು ವಿವರಿಸಬೇಕಾಗಿಲ್ಲ. ಇಂದು ಈ ಊರು, ನಾಳೆ ಆ ಊರು. ಕಂಪನಿ ಮುಚ್ಚಿದರೆ ಮತ್ತೆ ಕೂಲಿ. 1912ರ ಜೂನ್ 30ರಂದು ರೆಜೈನಾ ನಗರಕ್ಕೆ ಭೀಕರ ಸುಂಟರಗಾಳಿ ಬಡಿದು 28 ಜನ ಸತ್ತಾಗ ಕಾರ್ಲಾಫ್ ಅಲ್ಲಿಯೇ ಇದ್ದನು. ನಾಟಕ ನಿಂತುಹೋಯಿತು, ಬಿದ್ದ ಮನೆಗಳ ಅವಶೇಷ ತೆಗೆಯುವ ಕೆಲಸಕ್ಕೆ ಸೇರಿ ಹೊಟ್ಟೆ ಹೊರೆದನು. ಆಮೇಲೆ ಅಮೆರಿಕೆಯ ಉತ್ತರ ಡಕೋಟದ ಮೈನಾಟ್ ಎಂಬಲ್ಲಿ ಮತ್ತೊಂದು ಕಂಪನಿ. ವಾರಕ್ಕೆ ಎರಡು ಹೊಸ ನಾಟಕ, ರಾತ್ರಿಯೆಲ್ಲ ಕಂಠಪಾಠ. ನಟನೆಂಬ ಹೆಸರಿಗೆ ಯೋಗ್ಯನಾದದ್ದು ಈ ಗಾಣದಲ್ಲಿ ಅರೆಸಿಕೊಂಡೇ.

ಮೊದಲನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಕ್ಯಾಲಿಫೋರ್ನಿಯ ತಲುಪಿದ ಕಾರ್ಲಾಫ್, 1919ರ ಸುಮಾರಿಗೆ ಹಾಲಿವುಡ್ಡಿನ ಮೂಕಚಿತ್ರಗಳ ಗುಂಪಿನ ದೃಶ್ಯಗಳಲ್ಲಿ ನಿಂತನು. ಮುಚ್ಚಿಡಲೆತ್ನಿಸಿದ ಮೈಬಣ್ಣವೇ ಇಲ್ಲಿ ಅನ್ನಕ್ಕೆ ದಾರಿಯಾಯಿತು. ಅರಬ, ಅಮೆರಿಕೆಯ ಮೂಲನಿವಾಸಿ, ಹಿಂದೂಸ್ಥಾನದವನು ಎಂದು ಯಾವ ಪಾತ್ರವಿದ್ದರೂ ಕಾರ್ಲಾಫನಿಗೆ ಕರೆ ಬರುತ್ತಿತ್ತು. ಕಿಪ್ಲಿಂಗನ ಕಥೆಯೊಂದನ್ನು 1921ರಲ್ಲಿ ಚಿತ್ರವಾಗಿಸಿದಾಗ ಅದರಲ್ಲಿ ಅಹಮದ್ ಖಾನನಾಗಿ ನಟಿಸಿದನು. ನೋಡುವವರಿಗೆ ಆತ ಭಾರತೀಯನ ವೇಷ ಹಾಕಿದ ಇಂಗ್ಲಿಷಿನವನು. ಭಾರತೀಯ ಮೂಲವನ್ನು ಮರೆಸಿ ಇಂಗ್ಲಿಷಿನವನಾಗಿ ಬಾಳುತ್ತಿರುವವನೆಂದು ಯಾರಿಗೆ ಗೊತ್ತಿತ್ತು!

ಆದರೂ ನೆಲೆ ನಿಲ್ಲಲಿಲ್ಲ. ಪಾತ್ರ ಸಿಗದಾಗ ಕಟ್ಟಡ ಸಾಮಗ್ರಿ ಸಾಗಿಸುವ ಲಾರಿ ಓಡಿಸಿದನು. ಮೂಟೆಗಳನ್ನು ತಾನೇ ಇಳಿಸಿದನು. ಆ ಕಾಲದ ಮಹಾನಟ ಲಾನ್ ಚೇನಿ ಒಮ್ಮೆ ಅವನನ್ನು ತನ್ನ ಮೋಟಾರಿನಲ್ಲಿ ಕೂರಿಸಿಕೊಂಡು, ಬೇರೆ ಯಾರೂ ಮಾಡಲಾರದ, ಮಾಡಲೊಲ್ಲದ ಯಾವುದಾದರೊಂದನ್ನು ಹುಡುಕಿ ಹಿಡಿಯುವಂತೆ ಬುದ್ಧಿ ಹೇಳಿದನೆಂದು ಕಾರ್ಲಾಫ್ ಕೃತಜ್ಞತೆಯಿಂದ ನೆನೆಯುತ್ತಿದ್ದನು. ವಾಕ್ಚಿತ್ರಗಳ ಯುಗ ಬಂತು. ಕ್ರಿಮಿನಲ್ ಕೋಡ್ ಎಂಬ ನಾಟಕದಲ್ಲೂ, 1931ರಲ್ಲಿ ಬಂದ ಅದರ ಚಿತ್ರರೂಪದಲ್ಲೂ ಸೆರೆಮನೆಯ ಕೊಲೆಗಡುಕನಾಗಿ ಆತ ಕಣ್ಣಿಗೆ ಬಿದ್ದನು. ವಯಸ್ಸು ನಲವತ್ತಮೂರು. ನಟಿಸಿದ ಚಿತ್ರಗಳು ಎಂಬತ್ತರ ಸಮೀಪ. ಹೆಸರು ಬಲ್ಲವರು ಬೆರಳೆಣಿಕೆಯವರು.

ಆ ವರ್ಷವೇ ಯೂನಿವರ್ಸಲ್ ಸ್ಟುಡಿಯೋದ ಊಟದ ಮನೆಯಲ್ಲಿ ಕುಳಿತಿದ್ದ ಕಾರ್ಲಾಫನ ಮುಖದ ಮೇಲೆ ನಿರ್ದೇಶಕ ಜೇಮ್ಸ್ ವ್ಹೇಲನ ದೃಷ್ಟಿ ಬಿತ್ತು. ಆತನೂ ಇಂಗ್ಲಿಷಿನವನೇ. ತನ್ನ ಚಿತ್ರದ ವಿಕಾರರೂಪಿಗೆ ಆ ಮುಖದ ಎಲುಬುಗಳು ಒಪ್ಪುತ್ತವೆಂದು ಅವನಿಗೆ ತೋರಿತು. ಬಣ್ಣಗಾರ ಜಾಕ್ ಪಿಯರ್ಸ್ ಕೆಲಸಕ್ಕೆ ತೊಡಗಿದನು. ಯಕ್ಷಗಾನದ ಬಣ್ಣದ ವೇಷಕ್ಕೆ ಚಿಟ್ಟಿಯಿಡುವುದನ್ನು ಚೌಕಿಯಲ್ಲಿ ಕುಳಿತು ನೋಡಿದವರಿಗೆ ಇದರ ತಾಳ್ಮೆ ಅರ್ಥವಾದೀತು. ದಿನವೂ ಸುಮಾರು ನಾಲ್ಕು ಗಂಟೆ ಅಲುಗಾಡದೆ ಕೂರಬೇಕು. ಕೆಲಸ ಮುಗಿದ ಮೇಲೆ ಬಣ್ಣ ತೆಗೆಯಲು ಮತ್ತೆ ಗಂಟೆಗಟ್ಟಲೆ. ಕೆನ್ನೆ ಗುಳಿ ಬೀಳಲೆಂದು ಕಾರ್ಲಾಫ್ ಕಟ್ಟಿಸಿಕೊಂಡಿದ್ದ ಹಲ್ಲನ್ನು ತೆಗೆದಿಟ್ಟನು. ಕಾಲಿಗೆ ಸೀಸದಂತೆ ಭಾರವಾದ ಬೂಟು, ಮೈಗೆ ಒಳಪದರವಿಟ್ಟ ದಪ್ಪ ಉಡುಪು. ಚಿತ್ರೀಕರಣ ನಡೆದದ್ದು ಬೇಸಿಗೆಯ ಕೊನೆಯ ಉರಿಯಲ್ಲಿ. ಒಮ್ಮೆ ಇಪ್ಪತ್ತೈದು ಗಂಟೆ ಒಂದೇ ಸಮನೆ ಕೆಲಸ ಮಾಡಿಸಿದರು. ವಿಜ್ಞಾನಿಯ ಪಾತ್ರಧಾರಿಯನ್ನು ಹೆಗಲ ಮೇಲೆ ಹೊತ್ತು ದಿಬ್ಬ ಹತ್ತುವ ದೃಶ್ಯವನ್ನು ಮತ್ತೆ ಮತ್ತೆ ತೆಗೆದರು. ಅವನ ಬೆನ್ನಿಗೆ ಬಿದ್ದ ಪೆಟ್ಟು ಸಾಯುವವರೆಗೂ ಮಾಯಲಿಲ್ಲ.

ಇಷ್ಟೆಲ್ಲ ಬಣ್ಣದ ಅಡಿಯಿಂದ, ಒಂದು ಮಾತೂ ಇಲ್ಲದೆ, ಕಾರ್ಲಾಫ್ ತೋರಿಸಿದ್ದೇನು? ಈಗತಾನೆ ಹುಟ್ಟಿದ ಕೂಸಿನ ಬೆರಗನ್ನು. ಕತ್ತಲ ಕೋಣೆಯ ಮಾಡಿನಿಂದ ಬೆಳಕು ಬಿದ್ದಾಗ ಆ ಜೀವಿ ಎರಡೂ ಕೈಗಳನ್ನೆತ್ತಿ ಬೆಳಕನ್ನು ಹಿಡಿಯಲು ಹೋಗುತ್ತದೆ. ಬೆಳಕನ್ನು ಮುಚ್ಚಿದಾಗ ಬೇಡುವವನಂತೆ ಕೈಚಾಚುತ್ತದೆ. ಭಯಕ್ಕೆಂದು ಬಂದ ಪ್ರೇಕ್ಷಕನ ಎದೆಯಲ್ಲಿ ಮರುಕ ಹುಟ್ಟುವುದು ಇಲ್ಲಿಯೇ. ಇನ್ನೊಂದು ಕಡೆ ಪುಟ್ಟ ಹುಡುಗಿಯೊಬ್ಬಳು ಅದರೊಡನೆ ಕೆರೆಯ ದಂಡೆಯಲ್ಲಿ ಕೂತು ಹೂವುಗಳನ್ನು ನೀರಿನಲ್ಲಿ ತೇಲಿಬಿಡುತ್ತಾಳೆ. ಹೂವು ಮುಗಿದ ಮೇಲೆ, ಮಗುವೂ ಹೂವಿನಂತೆಯೇ ತೇಲುವುದೆಂದು ತಿಳಿದು ಅದು ಅವಳನ್ನು ನೀರಿಗೆಸೆಯುತ್ತದೆ. ಎಸೆಯುವುದು ಬೇಡವೆಂದು ಕಾರ್ಲಾಫ್ ವಾದಿಸಿದನು, ನಿರ್ದೇಶಕ ಒಪ್ಪಲಿಲ್ಲ. ಕಡೆಗೆ ಆ ಭಾಗಕ್ಕೆ ಕತ್ತರಿ ಬಿತ್ತು. ಕತ್ತರಿಸಿದ್ದರಿಂದ ಜೀವಿ ಏನೋ ಘೋರ ಕೃತ್ಯ ಮಾಡಿತೆಂಬ ಭಾವನೆಯೇ ಹೆಚ್ಚಾಯಿತು. ಅರ್ಧ ಶತಮಾನದ ಮೇಲೆ, 1980ರ ದಶಕದಲ್ಲಷ್ಟೇ ಆ ತುಣುಕನ್ನು ಮರಳಿ ಸೇರಿಸಿದರು.

1931ರ ನವೆಂಬರಿನಲ್ಲಿ ಚಿತ್ರ ಹೊರಬಿತ್ತು. ಆರಂಭದ ಪಾತ್ರವರ್ಗದಲ್ಲಿ ಅವನ ಹೆಸರಿನ ಜಾಗದಲ್ಲಿ ಬರಿಯ ಪ್ರಶ್ನೆಯ ಗುರುತು. ಮೊದಲ ಪ್ರದರ್ಶನಕ್ಕೆ ಅವನಿಗೆ ಆಮಂತ್ರಣವೂ ಇರಲಿಲ್ಲ. ಚಿತ್ರ ಓಡಿದ ಪರಿ ನೋಡಿದ ಮೇಲೆ ಸ್ಟುಡಿಯೋದವರಿಗೆ ಆ ಪ್ರಶ್ನೆಗೆ ಉತ್ತರ ಹುಡುಕಬೇಕಾಗಿ ಬಂತು. ಮಕ್ಕಳಿಂದ ರಾಶಿ ಕಾಗದ ಬಂದವು. ದೊಡ್ಡವರು ಹೆದರಿದರೆ, ಮಕ್ಕಳು ಆ ಜೀವಿಗಾಗಿ ಕನಿಕರಪಟ್ಟು ಬರೆದರು. ಕಾರ್ಲಾಫನಿಗೆ ಎಲ್ಲ ಪ್ರಶಸ್ತಿಗಿಂತ ಇದೇ ಹೆಚ್ಚಾಯಿತು. ಮರುವರ್ಷ ಮಮ್ಮಿ ಚಿತ್ರದಲ್ಲಿ ಸಾವಿರಾರು ವರ್ಷದ ಈಜಿಪ್ಟಿನ ಶವವಾಗಿ ಎದ್ದು ಬಂದನು. ಅದಕ್ಕೆ ಬಣ್ಣ ಬಳಿಯಲು ಎಂಟು ಗಂಟೆ ಹಿಡಿಯಿತು.

1933ರಲ್ಲಿ ಚಿತ್ರವೊಂದರ ನಿಮಿತ್ತ ಆತ ಇಂಗ್ಲೆಂಡಿಗೆ ಹೋದನು. ಊರು ಬಿಟ್ಟು ಇಪ್ಪತ್ತನಾಲ್ಕು ವರ್ಷಗಳಾಗಿದ್ದವು. ನಿವೃತ್ತ ನ್ಯಾಯಾಧೀಶ, ಕಮಿಷನರ್, ರಾಯಭಾರಿ ಅಣ್ಣಂದಿರನ್ನು ಕಾಣುವ ಹೊತ್ತು. ಹೆಣದ ವೇಷ, ರಾಕ್ಷಸನ ವೇಷ ಹಾಕಿ ಹೆಸರು ಮಾಡಿದ ತಮ್ಮನನ್ನು ಕಂಡು ಅವರು ತಲೆ ತಗ್ಗಿಸಿಯಾರೆಂಬ ಭಯ ಅವನನ್ನು ಹಿಂಡುತ್ತಿತ್ತು. ಪತ್ರಿಕೆಯವರಿಗಾಗಿ ಭಾವಚಿತ್ರ ತೆಗೆಯುವ ಸಂದರ್ಭ ಬಂದಾಗ ಅಣ್ಣಂದಿರನ್ನು ಕೇಳಲು ನಾಲಿಗೆ ಏಳಲಿಲ್ಲವಂತೆ. ಆದರೆ ಕೇಳಿದ್ದೇ ತಡ, ಗಂಭೀರಮುದ್ರೆಯ ಆ ಹಿರಿಯರು ಯಾರು ಎಲ್ಲಿ ನಿಲ್ಲಬೇಕೆಂದು ಹುಡುಗರಂತೆ ತಮ್ಮತಮ್ಮಲ್ಲೇ ಪೈಪೋಟಿಗೆ ಬಿದ್ದರು. ತಮ್ಮನ ಬಗ್ಗೆ ಅವರಿಗೆ ನಾಚಿಕೆಯಿರಲಿಲ್ಲ, ಹೆಮ್ಮೆಯಿತ್ತು. ಇಪ್ಪತ್ತನಾಲ್ಕು ವರ್ಷ ಹೊತ್ತ ಭಾರವೊಂದು ಆ ಒಂದು ಗಳಿಗೆಯಲ್ಲಿ ಇಳಿಯಿತು. ಬಾಳಿನ ಅತ್ಯಂತ ಸುಖದ ನೆನಪುಗಳಲ್ಲಿ ಇದೂ ಒಂದೆಂದು ಆತ ಎಣಿಸುತ್ತಿದ್ದನು. ಊರಿಗೆ ಮರಳಿ ಮನೆಯ ಹೊಸ್ತಿಲಲ್ಲಿ ನಿಂತು ಒಳಗಿನ ದನಿ ಹೇಗಿದ್ದೀತೋ ಎಂದು ಒಂದು ಕ್ಷಣ ತಡೆದವರು ಈ ಸುಖವನ್ನು ಬಲ್ಲರು.

ಅದೇ 1933ರಲ್ಲಿ ಕಾರ್ಲಾಫ್ ಮಾಡಿದ ಇನ್ನೊಂದು ಕೆಲಸ ತೆರೆಯ ಮೇಲೆ ಕಾಣದಂತಹುದು. ಆಗ ಹಾಲಿವುಡ್ಡಿನಲ್ಲಿ ನಟರಿಗೆ ಕೆಲಸದ ಹೊತ್ತಿಗೆ ಮಿತಿಯಿರಲಿಲ್ಲ, ಊಟಕ್ಕೆ ವೇಳೆಯಿರಲಿಲ್ಲ. ಸಣ್ಣ ಪಾತ್ರದವರ ಪಾಡನ್ನಂತೂ ಕೇಳುವವರೇ ಇಲ್ಲ. ಇದನ್ನು ಎದುರಿಸಲು ಕೆಲವರು ಗುಟ್ಟಾಗಿ ಸೇರಿ ಚಿತ್ರನಟರ ಸಂಘವನ್ನು ಕಟ್ಟಿದರು. ಸ್ಥಾಪಕರಲ್ಲಿ ಕಾರ್ಲಾಫನೂ ಒಬ್ಬನು. ಅವನ ಸದಸ್ಯ ಸಂಖ್ಯೆ 9. ಹೆಸರು ಬಂದ ಮೇಲೆ ಸ್ಟುಡಿಯೋದ ಕೋಪವನ್ನು ಕಟ್ಟಿಕೊಳ್ಳುವುದು ಸುಲಭವಲ್ಲ. ಆದರೆ ಮೂಟೆ ಹೊತ್ತ ದಿನಗಳನ್ನು ಆತ ಮರೆತಿರಲಿಲ್ಲ. ನಿರ್ಮಾಪಕರು 1937ರಲ್ಲಿ ಸಂಘವನ್ನು ಮಾನ್ಯ ಮಾಡಿದರು. ಕಾರ್ಲಾಫ್ ಬಹುಕಾಲ ಅದರ ಆಡಳಿತದಲ್ಲಿ ದುಡಿದನು.

ವಿಕಾರರೂಪಿಯ ಪಾತ್ರವನ್ನು ಆತ ಒಟ್ಟು ಮೂರು ದೊಡ್ಡ ಚಿತ್ರಗಳಲ್ಲಿ ಮಾಡಿದನು. 1935ರ ಎರಡನೆಯದರಲ್ಲಿ ಅದಕ್ಕೆ ಮಾತು ಬಂತು. ಮಾತು ಬಂದರೆ ಮೋಡಿ ಕೆಡುವುದೆಂದು ಅವನ ಅಭಿಪ್ರಾಯವಾಗಿತ್ತು. 1939ರ ಮೂರನೆಯದಾದ ಮೇಲೆ, ಆ ಪಾತ್ರ ಇನ್ನು ನಗೆಪಾಟಲಾಗುವುದೆಂದು ತಿಳಿದು ಕೈಬಿಟ್ಟನು. 1941ರ ಜನವರಿಯಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಗೆ ಆರ್ಸೆನಿಕ್ ಅಂಡ್ ಓಲ್ಡ್ ಲೇಸ್ ಎಂಬ ವಿನೋದ ನಾಟಕದೊಡನೆ ಕಾಲಿಟ್ಟನು. ಉಗ್ಗು ಮರಳಿ ಬಂದೀತೆಂದು ನಡುಗಿದರೂ ಗೆದ್ದನು. ತಾನು ಕಾರ್ಲಾಫನಂತೆ ಕಾಣುತ್ತೇನೆಂದು ಯಾರಾದರೂ ಅಂದರೆ ಕೆರಳಿ ಕೊಲ್ಲುವ ಪಾತ್ರ ಅವನದು. ಪ್ರೇಕ್ಷಕರು ಬಿದ್ದು ಬಿದ್ದು ನಕ್ಕರು. 1945ರ ಬಾಡಿ ಸ್ನ್ಯಾಚರ್ ಚಿತ್ರದಲ್ಲಿ ಹೆಣ ಕದಿಯುವ ಗಾಡಿಯವನಾಗಿ ಬಣ್ಣದ ಹಂಗಿಲ್ಲದೆ ಅವನು ತೋರಿದ ಅಭಿನಯ ಬಹಳ ಮೇಲ್ಮಟ್ಟದ್ದು. 1950ರಲ್ಲಿ ಪೀಟರ್ ಪ್ಯಾನ್ ನಾಟಕದಲ್ಲಿ ಕೊಕ್ಕೆಗೈಯ ಕಡಲುಗಳ್ಳನಾದನು. ಆಟ ಮುಗಿದ ಮೇಲೆ ಮಕ್ಕಳನ್ನು ಒಳಗೆ ಕರೆಸಿ ಕೊಕ್ಕೆಯನ್ನು ಅವರ ಕೈಗೇ ಹಾಕಿ ಕನ್ನಡಿಯ ಮುಂದೆ ನಿಲ್ಲಿಸುತ್ತಿದ್ದನು.

ಮನೆಯಲ್ಲಿ ಕಾರ್ಲಾಫ್ ಮೆಲುಮಾತಿನ, ತೋಟದ ಹುಚ್ಚಿನ, ಪುಸ್ತಕಪ್ರಿಯ ಮನುಷ್ಯ. ಹಾಲಿವುಡ್ಡಿನಲ್ಲೂ ಕ್ರಿಕೆಟ್ ಬಿಡಲಿಲ್ಲ. ವಯಲೆಟ್ ಎಂಬ ಹೆಸರಿನ ಹಂದಿಯೊಂದನ್ನು ಮುದ್ದಿನಿಂದ ಸಾಕಿದ್ದನು. ಸಂಸಾರ ಮಾತ್ರ ಮೊದಲಿನಿಂದ ನೇರವಾಗಿ ಸಾಗಲಿಲ್ಲ. ಹಲವು ಮದುವೆಗಳು ಮುರಿದವು. 1946ರಲ್ಲಿ ಕೈಹಿಡಿದ ಈವ್ಲಿನ್ ಕೊನೆಯವರೆಗೂ ಜತೆಗಿದ್ದಳು. ಒಬ್ಬಳೇ ಮಗಳು 1938ರಲ್ಲಿ, ಸರಿಯಾಗಿ ತಂದೆಯ ಹುಟ್ಟುಹಬ್ಬದ ದಿನವೇ ಹುಟ್ಟಿದಳು.

1959ರಲ್ಲಿ, ಊರು ಬಿಟ್ಟ ಐವತ್ತು ವರ್ಷಕ್ಕೆ, ಆತ ಇಂಗ್ಲೆಂಡಿಗೆ ಮರಳಿ ನೆಲೆಸಿದನು. ಸಂಧಿವಾತ ಕಾಲು ಹಿಡಿದಿತ್ತು, ಶ್ವಾಸಕೋಶ ಸೋತಿತ್ತು. ಗಾಲಿಕುರ್ಚಿಯಲ್ಲಿ ಕುಳಿತು, ದೃಶ್ಯಗಳ ನಡುವೆ ಆಮ್ಲಜನಕ ಸೇವಿಸಿ ಮತ್ತೆ ಎದ್ದು ನಟಿಸುವ ಸ್ಥಿತಿ. ಆದರೂ 1966ರಲ್ಲಿ ಕ್ರಿಸ್‌ಮಸ್ ಕದ್ದ ಗ್ರಿಂಚನ ಕಥೆಯನ್ನು ಟೆಲಿವಿಷನ್ನಿಗಾಗಿ ಓದಿ ಹೊಸ ಪೀಳಿಗೆಯ ಮಕ್ಕಳನ್ನು ಗೆದ್ದನು. ಅದರ ಧ್ವನಿಮುದ್ರಿಕೆಗೆ ಗ್ರಾಮಿ ಬಹುಮಾನ ಬಂತು. 1968ರಲ್ಲಿ ತೆರೆಕಂಡ ಟಾರ್ಗೆಟ್ಸ್ ಚಿತ್ರದಲ್ಲಿ, ನಿಜವಾದ ಲೋಕದ ಕ್ರೌರ್ಯದ ಮುಂದೆ ತನ್ನ ಭಯಾನಕ ಪಾತ್ರಗಳು ಏನೂ ಅಲ್ಲವೆಂದು ಕಂಡುಕೊಂಡು ನಿವೃತ್ತನಾಗಲೆಳಸುವ ಮುದಿನಟನಾಗಿ, ಬಹುಮಟ್ಟಿಗೆ ತಾನೇ ಆಗಿ ನಟಿಸಿದನು. 1969ರ ಫೆಬ್ರವರಿ 2ರಂದು ಸಸೆಕ್ಸ್ ಪ್ರಾಂತದ ಮಿಡ್‌ಹರ್ಸ್ಟ್ ಆಸ್ಪತ್ರೆಯಲ್ಲಿ ಎಂಬತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡನು. 1997ರಲ್ಲಿ ಅಮೆರಿಕೆಯ ಅಂಚೆ ಇಲಾಖೆ ಅವನ ಎರಡು ವೇಷಗಳಿರುವ ಚೀಟಿಗಳನ್ನು ಹೊರಡಿಸಿತು.

ಅಮೆರಿಕ ಅವನಿಗೆ ಅನ್ನವನ್ನೂ ಕೀರ್ತಿಯನ್ನೂ ಕೊಟ್ಟಿತು. ಆದರೂ ಆತ ಬ್ರಿಟಿಷ್ ಪ್ರಜೆಯಾಗಿಯೇ ಉಳಿದನು. ಬೋರಿಸ್ ಕಾರ್ಲಾಫ್ ಎಂಬ ಹೆಸರನ್ನು ಕಾನೂನಿನ ರೀತಿಯಲ್ಲಿ ಎಂದೂ ತನ್ನದಾಗಿಸಿಕೊಳ್ಳಲಿಲ್ಲ. ಅಧಿಕೃತ ಕಾಗದಪತ್ರಗಳಿಗೆ ರುಜು ಹಾಕುವಾಗ ವಿಲಿಯಂ ಪ್ರ್ಯಾಟ್ ಎಂಬ ಹೆಸರೇ ಮೊದಲು ಬರುತ್ತಿತ್ತು. ಹೊಟ್ಟೆಗಾಗಿ ಹಾಕಿದ ವೇಷವನ್ನು ಆತ ನಿಷ್ಠೆಯಿಂದ ಆಡಿದನು, ಆ ವೇಷಕ್ಕೆ ಕೃತಜ್ಞನಾಗಿಯೂ ಇದ್ದನು. ಆದರೆ ತಾಯಿ ಇಟ್ಟ ಹೆಸರನ್ನು ಅದಕ್ಕೆ ಬಿಟ್ಟುಕೊಡಲಿಲ್ಲ. ಭಾರತದ ರಕ್ತವೊಂದನ್ನು ಮಾತ್ರ ಬಾಯಿಬಿಟ್ಟು ಹೇಳಲಾರದೆ ಹೋದನು. ಆ ತಪ್ಪನ್ನು ಅವನಿಗಿಂತ ಅವನ ಕಾಲದ ತಲೆಗೆ ಕಟ್ಟುವುದೇ ನ್ಯಾಯ.

ಪರಸ್ಥಳದಲ್ಲಿ ನಾವೆಲ್ಲರೂ ಬೆಳಗೆದ್ದು ಒಂದೊಂದು ವೇಷ ತೊಟ್ಟು ಹೊರಡುವವರೇ. ಅಂಗಡಿಯಲ್ಲಿ ಒಂದು ಭಾಷೆ, ಕಚೇರಿಯಲ್ಲಿ ಒಂದು ಭಾಷೆ. ಸಂಜೆ ಮನೆಗೆ ಬಂದು ಬಣ್ಣ ತೊಳೆದ ಮೇಲೆ ಮಕ್ಕಳನ್ನು ಯಾವ ಮಾತಿನಲ್ಲಿ ಕರೆಯುತ್ತೇವೆ ಎಂಬುದೇ ಕಡೆಗೆ ಉಳಿಯುವ ಪ್ರಶ್ನೆ. ಕಾರ್ಲಾಫನಿಗೆ ಮರೆಮಾಡಬೇಕಾಗಿ ಬಂದುದನ್ನು ನಾವು ದೀಪ ಹಚ್ಚಿ, ಧ್ವಜ ಏರಿಸಿ, ನಾಲ್ಕು ಜನರ ಮುಂದೆ ಹೇಳಿಕೊಳ್ಳಬಲ್ಲೆವು. ಈ ಭಾಗ್ಯ ಸಣ್ಣದಲ್ಲ.